ಮಕ್ಕಳ ಜೊತೆ ಕಲ್ಲು ಆಯೋಣ ಬನ್ನಿ: ಮೈಸೂರು, ಮಂಡ್ಯ ಕಡೆಯ ಮನೆಗಳಿಗೊಂದು ಮಾರ್ಗದರ್ಶಿ

ನನ್ನ ಹತ್ತಿರ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ. ಅದರ ತುಂಬ ಕಲ್ಲು. ಏಳೆಂಟು ವರ್ಷದವಳಿದ್ದಾಗ ಪಾಂಡವಪುರದ ಅಜ್ಜಿ ಮನೆ, ಶಾಲೆ ಮೈದಾನ, ಕಾವೇರಿ ದಡ ಅಂತ ಸಿಕ್ಕಸಿಕ್ಕಲ್ಲಿ ಆಯ್ದು ತಂದವು. ಈಗ ತೆಗೆದು ನೋಡಿದರೆ ಒಂದರದ್ದೂ ಊರು ನೆನಪಿಲ್ಲ. ಅದರಲ್ಲಿ ದಾಳಿಂಬೆ ಕಾಳಿನಷ್ಟು ದೊಡ್ಡ ಕೆಂಪು ಹರಳೊಂದಿದೆ, ಗಾರ್ನೆಟ್ ಅಂತ ದೊಡ್ಡವಳಾದ ಮೇಲೆ ಗೊತ್ತಾಯಿತು, ಆದರೆ ಯಾವ ಹೊಲದಲ್ಲಿ ಸಿಕ್ಕಿತು, ಯಾರ ಜೊತೆ ಹೋಗಿದ್ದೆ ಅನ್ನೋದು ಹೋಗೇ ಹೋಯಿತು. ಅದೊಂದು ಕೊರಗು ಇವತ್ತಿಗೂ ಇದೆ.

ಹಾಗಾಗಿ ಅಕ್ಕನ ಮಗ ಐದು ವರ್ಷಕ್ಕೆ ಜೇಬಿನ ತುಂಬ ಕಲ್ಲು ತುಂಬಿಕೊಂಡು ಬಂದು "ಚಿಕ್ಕಮ್ಮ, ಇದೇನು?" ಅಂತ ಕೇಳಿದಾಗ ನಾನು ಮೊದಲು ಕೇಳಿದ್ದು "ಎಲ್ಲಿ ಸಿಕ್ತು ಮಗ?" ಅಂತ. ಈಗ ಅವನಿಗೆ ಎಂಟು ವರ್ಷ. ಅವನ ಹತ್ತಿರ ಇರೋದು ನಲವತ್ತಮೂರೇ ಕಲ್ಲು, ಆದರೆ ನಲವತ್ತಮೂರರದ್ದೂ ಊರು, ದಿನ ಪುಸ್ತಕದಲ್ಲಿದೆ. ಈ ಮೂರು ವರ್ಷದಲ್ಲಿ ನಾವು ಮಾಡಿದ್ದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಯಾವ ವಯಸ್ಸಿಗೆ ಶುರು ಮಾಡಬಹುದು

ಮೂರು ವರ್ಷದ ಒಳಗಿನ ಮಕ್ಕಳಿಗೆ ಬೇಡ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಅದು. ನಾಲ್ಕರಿಂದ ಆರು ವರ್ಷದವರಿಗೆ ಬಣ್ಣ, ತೂಕ, ನುಣುಪು, ಒರಟು ಇಷ್ಟು ಸಾಕು. ಏಳರ ಮೇಲೆ ಪರೀಕ್ಷೆ, ಹೆಸರು, ಪುಸ್ತಕ ಎಲ್ಲ ತಾನಾಗೇ ಬರುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು, ಮಗು ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ.

ಮೊದಲ ವಾರ ಮನೆಯೊಳಗೇ

ಬೆಟ್ಟ ಗುಡ್ಡ ಆಮೇಲೆ. ಮೊದಲು ಮನೆಯೊಳಗೆ ಎಷ್ಟು ಥರದ ಕಲ್ಲಿದೆ ಅಂತ ಹುಡುಕೋ ಆಟ ಆಡಿ. ಅಡುಗೆ ಕಟ್ಟೆಯ ಕಪ್ಪು ಚಪ್ಪಡಿ, ಒರಳು, ಬಚ್ಚಲಲ್ಲಿ ಬಟ್ಟೆ ಒಗೆಯೋ ಕಲ್ಲು, ಮೆಟ್ಟಿಲಿಗೆ ಹಾಕಿದ ಕಡಪ ಕಲ್ಲು, ದೇವರ ಮನೆಯ ಅಮೃತಶಿಲೆ. ಅಂಗಡಿಯವರು ಕಪ್ಪು ಗ್ರಾನೈಟ್ ಅಂತ ಮಾರೋದು, ಚಾಮರಾಜನಗರದ ಕಡೆಯಿಂದ ಬರುತ್ತದಲ್ಲ, ಅದು ನಿಜಕ್ಕೂ ಗ್ರಾನೈಟ್ ಜಾತಿಯದ್ದಲ್ಲ, ಡಾಲರೈಟ್ ಅನ್ನೋ ಬೇರೆ ಕಲ್ಲು. ನೆಲದೊಳಗಿನ ಬಿರುಕಿಗೆ ನುಗ್ಗಿದ ಕರಗಿದ ಶಿಲೆ ತಣ್ಣಗಾಗಿ ಆದದ್ದು. ಮಗುವಿಗೆ ಇದನ್ನೆಲ್ಲ ಈಗಲೇ ಹೇಳಬೇಕಾಗಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ಆಮೇಲೆ ಡಬ್ಬಿಗಳಿಗೆ ಬನ್ನಿ. ಕಲ್ಲುಪ್ಪಿನ ಒಂದು ಹರಳನ್ನು ಭೂತಗನ್ನಡಿಯಲ್ಲಿ ತೋರಿಸಿ, ಚೌಕಚೌಕವಾಗಿ ಕಾಣುತ್ತದೆ. ಸೈಂಧವ ಉಪ್ಪು ಇದ್ದರೆ ಪಕ್ಕಕ್ಕೇ ಇಡಿ, ಅದು ನೆಲದಿಂದ ಅಗೆದು ತೆಗೆದ ಖನಿಜ. ಕಲ್ಲುಸಕ್ಕರೆಯನ್ನೂ ಇಡಿ. ಅದೂ ಹರಳೇ, ಆದರೆ ಕಬ್ಬಿನಿಂದ ಬಂದದ್ದು, ಹಾಗಾಗಿ ಖನಿಜ ಅಲ್ಲ. ಮಂಡ್ಯದ ಮಗುವಿಗೆ ಇದು ಬೇಗ ಅರ್ಥ ಆಗುತ್ತದೆ! ಪೆನ್ಸಿಲ್ಲಿನ ಕಡ್ಡಿಗೆ ನಾವು ಸೀಸ ಅಂತೀವಿ, ಅದರಲ್ಲಿ ಸೀಸ ಇಲ್ಲವೇ ಇಲ್ಲ, ಇರೋದು ಗ್ರಾಫೈಟ್ ಅನ್ನೋ ಖನಿಜ ಮತ್ತು ಜೇಡಿಮಣ್ಣು.

ಖನಿಜಕ್ಕೂ ಕಲ್ಲಿಗೂ ಏನು ವ್ಯತ್ಯಾಸ ಅಂತ ಮಗು ಕೇಳಿದರೆ ಒಂದು ತಟ್ಟೆ ಚುರುಮುರಿ ಮುಂದಿಡಿ. ಈರುಳ್ಳಿ, ಕಡ್ಲೆಬೀಜ, ಕ್ಯಾರೆಟ್ ಒಂದೊಂದೂ ಖನಿಜ. ಎಲ್ಲ ಸೇರಿದ ಚುರುಮುರಿ ಕಲ್ಲು. ನಮ್ಮ ಕಡೆ ಗ್ರಾನೈಟ್ ತುಂಡು ಹಿಡಿದು ನೋಡಿದರೆ ಗಾಜಿನಂತೆ ಕಾಣೋದು ಬೆಣಚು, ಅಂದರೆ ಕ್ವಾರ್ಟ್ಜ್. ಹಾಲುಬಣ್ಣ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್. ಕಪ್ಪಗೆ ಮಿಣಮಿಣ ಅನ್ನೋದು ಅಭ್ರಕ, ಊರಲ್ಲಿ ಕಾಗೆಬಂಗಾರ ಅಂತೀವಲ್ಲ, ಅದೇ. ಈ ಮೂರು ಗುರುತು ಸಿಕ್ಕರೆ ಮೈಸೂರು ಸುತ್ತಮುತ್ತಲಿನ ಮುಕ್ಕಾಲು ಕಲ್ಲು ಓದೋಕೆ ಬಂದ ಹಾಗೆ.

ಏನೇನು ಬೇಕು

ಕಿಟ್ ಅಂತ ದುಡ್ಡು ಕೊಟ್ಟು ತರಬೇಡಿ. ಒಂದು ಬಟ್ಟೆ ಚೀಲ, ಹಳೇ ಹಲ್ಲುಜ್ಜೋ ಬ್ರಷ್, ಮೂವತ್ತು ಮೊಟ್ಟೆಯ ಖಾಲಿ ಟ್ರೇ, ದೊಡ್ಡ ಕಬ್ಬಿಣದ ಮೊಳೆ, ಟೈಲ್ಸ್ ಅಂಗಡಿಯಲ್ಲಿ ಬಿಸಾಡೋ ಒಂದು ಒಡೆದ ಬಿಳಿ ಟೈಲ್ಸ್ ತುಂಡು (ಅಂಚು ಉಜ್ಜಿ ಮೊಂಡು ಮಾಡಿ), ಹಳೇ ಸ್ಪೀಕರಿನಿಂದ ತೆಗೆದ ಮ್ಯಾಗ್ನೆಟ್, ಒಂದು ನೋಟ್‌ಬುಕ್, ಬಿಳಿ ನೇಲ್ ಪಾಲಿಶ್. ದುಡ್ಡು ಹಾಕೋದಿದ್ದರೆ ಒಂದೇ ಒಂದಕ್ಕೆ ಹಾಕಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಮಡಚೋ ಭೂತಗನ್ನಡಿಗೆ. ಮ್ಯಾಗ್ನೆಟ್ ದೊಡ್ಡದೇ ಇರಲಿ. ಬಟನ್ನಿನಷ್ಟು ಚಿಕ್ಕವನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಎರಡು ನುಂಗಿಬಿಟ್ಟರೆ ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು ಕರುಳು ತೂತಾಗುವ ಅಪಾಯ ಇದೆ.

ಸುತ್ತಿಗೆ ಈಗ ಬೇಡ. ಹತ್ತು ವರ್ಷದ ಒಳಗಿನ ಮಗುವಿಗೆ ಕಲ್ಲು ಒಡೆಯೋ ಅವಶ್ಯಕತೆಯೇ ಇಲ್ಲ. ಕ್ರಷರಿನವರು ಆಗಲೇ ಒಡೆದು ರಸ್ತೆ ಬದಿ ಸುರಿದಿದ್ದಾರೆ.

ಮೊದಲ ಹುಡುಕಾಟ: ಜಲ್ಲಿ ಗುಡ್ಡೆ

ನಿಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಅದೇ ಒಳ್ಳೇ ಜಾಗ. ಮೇಸ್ತ್ರಿಯನ್ನು ಕೇಳಿ, ಇವತ್ತಿನವರೆಗೆ ನಮಗೆ ಯಾರೂ ಇಲ್ಲ ಅಂದಿಲ್ಲ. ಮೊಳೆ, ಕಂಬಿ ಇರುತ್ತದೆ, ಹಾಗಾಗಿ ಶೂ ಹಾಕಿಸಿ. ಗುಡ್ಡೆಯ ಅಂಚಿನಲ್ಲೇ ಕೂರಿಸಿ, ಮೇಲೆ ಹತ್ತಿಸಬೇಡಿ.

ಮುಕ್ಕಾಲು ಇಂಚಿನ ಜಲ್ಲಿಯಲ್ಲಿ ಕಲ್ಲಿನ ಒಳಗಿನ ಮುಖ ಹೊಸದಾಗಿ ತೆರೆದಿರುತ್ತದೆ. ಬಿಸಿಲು ಮಳೆಗೆ ಬಿದ್ದ ಕಲ್ಲು ಹೊರಗೆ ಮಂಕಾಗಿರುತ್ತದೆ, ನಿಜವಾದ ಬಣ್ಣ ಒಡೆದ ಮುಖದಲ್ಲೇ ಕಾಣೋದು. ನಮ್ಮ ಕಡೆ ಹೆಚ್ಚಾಗಿ ಸಿಗೋದು ಕಪ್ಪು ಬಿಳಿ ಪಟ್ಟೆಪಟ್ಟೆ ಇರುವ ನೈಸ್ ಶಿಲೆ. ಬೆಂಗಳೂರು ಲಾಲ್‌ಬಾಗಿನ ಬಂಡೆ ಕೂಡ ಇದೇ ಜಾತಿ, ವಯಸ್ಸು ಸುಮಾರು 300 ಕೋಟಿ ವರ್ಷ. ಅಷ್ಟು ಹಳೇ ವಸ್ತುವಿನ ಮೇಲೆ ಕೂತು ಮಗು ಚಪ್ಪಲಿಗೆ ಅಂಟಿದ ಮಣ್ಣು ಕೆರೆಯುತ್ತಿರುತ್ತದೆ. ನನಗಂತೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ನಿಯಮ ಒಂದೇ: ಒಂದು ಸಲಕ್ಕೆ ಐದು ಕಲ್ಲು. ಐದು ಕಲ್ಲಾಟಕ್ಕೆ ಬೇಕಾಗುವಷ್ಟು. ಆರನೆಯದು ಬೇಕು ಅಂದರೆ ಕೈಯಲ್ಲಿರುವ ಒಂದನ್ನು ಬಿಡಬೇಕು. ಯಾವುದನ್ನು ಬಿಡಲಿ ಅಂತ ಮಗು ಯೋಚಿಸುತ್ತದಲ್ಲ, ಆ ಎರಡು ನಿಮಿಷ ಅದು ಕಲ್ಲನ್ನು ನಿಜವಾಗಿ ನೋಡುತ್ತದೆ. ಇದು ಬೆಳ್ಳಗಿದೆ ಆದರೆ ಅದರಲ್ಲಿ ಮಿಂಚು ಇದೆ, ಇದು ಭಾರ ಇದೆ, ಅಂತ ತಾನೇ ತೂಗಿ ನೋಡುತ್ತದೆ.

ಆಗ ನೀವು ಸುಮ್ಮನಿರಿ. ಇದು ತುಂಬ ಮುಖ್ಯ. ಶುರುವಿನಲ್ಲಿ ನಾನು "ಓ, ಇದು ಬೆಣಚುಕಲ್ಲು" ಅಂತ ಹೇಳಿಬಿಡುತ್ತಿದ್ದೆ. ಹೆಸರು ಕೇಳಿದ ತಕ್ಷಣ ಮಗು ಅದನ್ನು ಕೆಳಗಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು, ಲೆಕ್ಕ ಮುಗೀತು ಅನ್ನೋ ಹಾಗೆ. ಈಗ ಹೆಸರು ಕೊನೆಗೆ. ಮೊದಲು ಅವನೇ ಒಂದು ಹೆಸರಿಡಲಿ. ನಮ್ಮ ಪುಸ್ತಕದಲ್ಲಿ "ಮೊಸರನ್ನದ ಕಲ್ಲು" ಅಂತ ಒಂದಿದೆ, ಪಕ್ಕದಲ್ಲಿ ಒಂದು ವರ್ಷ ಆದಮೇಲೆ ಬೇರೆ ಪೆನ್ನಲ್ಲಿ "ಗ್ರಾನೈಟ್" ಅಂತ ಬರೆದಿದ್ದೇವೆ. ಎರಡೂ ಹಾಗೇ ಇರಲಿ.

ತೊಳೆಯೋದು, ನಂಬರ್ ಹಾಕೋದು

ಇಲ್ಲೇ ಜಾಸ್ತಿ ಜನ ಎಡವೋದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಜಾಗದಿಂದ ಹೊರಡುವ ಮೊದಲೇ ಕಲ್ಲನ್ನು ಹಳೇ ಪೇಪರಿನಲ್ಲಿ ಸುತ್ತಿ, ಪೇಪರಿನ ಮೇಲೆ ಊರು, ದಿನ ಬರೆಯಿರಿ. ಮನೆಗೆ ಬಂದ ಮೇಲೆ ಬರೆದರಾಯಿತು ಅಂದುಕೊಂಡರೆ ಮರೆತುಹೋಗುತ್ತದೆ. ಒಂದು ಸಲ ಮೂರು ಜಾಗದ ಕಲ್ಲನ್ನು ಒಂದೇ ಬಕೆಟ್ಟಿಗೆ ಹಾಕಿ ತೊಳೆದುಬಿಟ್ಟೆವು. ಯಾವುದು ಎಲ್ಲಿಯದು ಅಂತ ಗೊತ್ತಾಗದೆ ಮಗು ಅತ್ತುಬಿಟ್ಟಿತು. ಒಂದು ಜಾಗದ್ದು ತೊಳೆದು ಒಣಗಿಸಿ ನಂಬರ್ ಹಾಕಿದ ಮೇಲೇ ಇನ್ನೊಂದು ಜಾಗದ್ದು ನೀರಿಗೆ ಹಾಕಿ.

ತೊಳೆಯೋಕೆ ಬರೀ ನೀರು, ಬ್ರಷ್ ಸಾಕು. ಒಣಗಿದ ಮೇಲೆ ಕಲ್ಲಿನ ಮೂಲೆಯಲ್ಲಿ, ಚೆಂದ ಇರುವ ಮುಖ ಬಿಟ್ಟು, ಒಂದು ಚುಕ್ಕೆ ಬಿಳಿ ನೇಲ್ ಪಾಲಿಶ್ ಹಚ್ಚಿ. ಅದು ಒಣಗಲಿ. ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರಿನಲ್ಲಿ ನಂಬರ್ ಬರೆಯಿರಿ. ಅದೇ ನಂಬರ್ ನೋಟ್‌ಬುಕ್ಕಿನಲ್ಲಿ, ಅದರ ಮುಂದೆ ದಿನ, ಊರು, ಜಾಗ, ಯಾರ ಜೊತೆ ಹೋಗಿದ್ದು. ಜಾಗ ಅಂದರೆ "ಮಂಡ್ಯ" ಅಂತ ಬರೆದರೆ ಸಾಲದು, "ದೊಡ್ಡಪ್ಪನ ಗದ್ದೆಯ ಬದು, ಬೇವಿನ ಮರದ ಬುಡ" ಅಂತ ಬೇಕು.

ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಭೂವಿಜ್ಞಾನ ಇಲಾಖೆ ಶುರುವಾಯಿತು, ಅದರ ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದವರು ಅವರೇ. ನೋಡೋಕೆ ಅದೂ ಒಂದು ಕಲ್ಲೇ ಅಲ್ವಾ? ಎಲ್ಲಿ ಸಿಕ್ಕಿತು ಅಂತ ಬರೆದಿಟ್ಟದ್ದಕ್ಕೇ ಅದು ಚರಿತ್ರೆ ಆಯಿತು. ಈ ಕಥೆ ಹೇಳಿದ ಮೇಲೆ ನಮ್ಮ ಹುಡುಗ ಒಂದು ಸಲವೂ ಊರು ಬರೆಯೋದು ಮರೆತಿಲ್ಲ.

ಪರೀಕ್ಷೆಗಳು

ಚಿನ್ನದಂಗಡಿಯವರು ಒರೆಗಲ್ಲಿನ ಮೇಲೆ ಚಿನ್ನ ಉಜ್ಜಿ ನೋಡುತ್ತಾರಲ್ಲ, ಮಕ್ಕಳು ಮಾಡೋದೂ ಅದನ್ನೇ. ಟೈಲ್ಸಿನ ಹಿಂಬದಿ, ಹೊಳಪಿಲ್ಲದ ಕಡೆ, ಕಲ್ಲನ್ನು ಒತ್ತಿ ಎಳೆಯಿರಿ. ಕಪ್ಪಗೆ ಕಾಣೋ ಹೆಮಟೈಟ್ ಅನ್ನೋ ಕಬ್ಬಿಣದ ಅದಿರು ಕೆಂಪು ಗೀರು ಬಿಡುತ್ತದೆ, ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಬಣ್ಣ. ಮ್ಯಾಗ್ನೆಟೈಟ್ ಕಪ್ಪು ಗೀರು ಬಿಡುತ್ತದೆ, ಮ್ಯಾಗ್ನೆಟ್ಟಿಗೂ ಅಂಟುತ್ತದೆ. ಬೆಣಚು ಏನೂ ಬಿಡೋದಿಲ್ಲ, ಅದು ಟೈಲ್ಸನ್ನೇ ಕೆರೆಯುತ್ತದೆ.

ಗಟ್ಟಿತನದ ಪರೀಕ್ಷೆಗೆ ಉಗುರು, ಮೊಳೆ, ಗಾಜು ಮೂರು ಸಾಕು. 1812ರಲ್ಲಿ ಫ್ರೆಡ್ರಿಕ್ ಮೋಸ್ ಅನ್ನೋರು ಒಂದರಿಂದ ಹತ್ತರವರೆಗೆ ಒಂದು ಅಳತೆ ಮಾಡಿದರು, ತೀರಾ ಮೆತ್ತಗಿನ ಟಾಲ್ಕ್ ಅನ್ನೋ ಖನಿಜಕ್ಕೆ ಒಂದು, ಎಲ್ಲಕ್ಕಿಂತ ಗಟ್ಟಿಯಾದ ವಜ್ರಕ್ಕೆ ಹತ್ತು. ನಮ್ಮ ಉಗುರು ಸುಮಾರು 2.5, ಗಾಜು 5.5, ಬೆಣಚು 7. ಉಗುರಿಗೇ ಗೀರು ಬಿದ್ದರೆ ಅದು ತುಂಬ ಮೆತ್ತಗಿನ ಕಲ್ಲು. ಬಳಪದ ಕಲ್ಲು ಹಾಗೇ. ಸ್ಲೇಟಿನ ಬಳಪ ಒಂದು ತುಂಡು ಕೊಟ್ಟು ನೋಡಿ (ತಿನ್ನೋ ಅಭ್ಯಾಸ ಇರೋ ಮಗುವಾದರೆ ಕಣ್ಣಿಟ್ಟಿರಿ). ಗಾಜಿಗೆ ದಪ್ಪನೆಯ ಸೀಸೆ ತಗೊಂಡು, ಮೇಜಿನ ಮೇಲೆ ಮಲಗಿಸಿ ಗೀರಿಸಿ, ಕೈಯಲ್ಲಿ ಹಿಡಿದು ಮಾತ್ರ ಬೇಡ.

ನಿಂಬೆರಸದ್ದು ಎಲ್ಲ ಮಕ್ಕಳಿಗೂ ಇಷ್ಟ. ಒಂದು ಹನಿ ಬಿಟ್ಟು ಭೂತಗನ್ನಡಿ ಹಿಡಿದರೆ ಅಮೃತಶಿಲೆ, ಕಡಪ ಕಲ್ಲು, ಸುಣ್ಣದ ಕಲ್ಲಿನ ಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಗ್ರಾನೈಟ್ ಮೇಲೆ ಏನೂ ಆಗೋದಿಲ್ಲ. ಅಂಗಡಿಯಿಂದ ತಂದ ಚೂರಿನ ಮೇಲೆ ಮಾಡಿ, ದೇವರ ಮನೆ ನೆಲದ ಮೇಲೆ ಮಾಡಿದರೆ ಕಲೆ ಉಳಿದುಬಿಡುತ್ತದೆ.

ಕಾಗೆಬಂಗಾರ ಸಿಕ್ಕರೆ ಉಗುರಿನಿಂದ ಎಬ್ಬಿಸೋಕೆ ಹೇಳಿ. ಚಿರೋಟಿ ಥರ ಪದರಪದರವಾಗಿ ಏಳುತ್ತದೆ, ಒಂದು ಪದರ ಎತ್ತಿ ಬೆಳಕಿಗೆ ಹಿಡಿದರೆ ಆಚೆಗೆ ಕಾಣುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹೊಲದ ಬದುವಿನಲ್ಲಿ ಬಿದ್ದಿರೋ ಬಿಳಿ ಬೆಣಚುಕಲ್ಲು ಎರಡು ತನ್ನಿ, ಮುಷ್ಟಿಯಷ್ಟು ದೊಡ್ಡವು. ರಾತ್ರಿ ಕಿಟಕಿ ಬಾಗಿಲು ಮುಚ್ಚಿ, ಲೈಟ್ ಆರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಐದು ನಿಮಿಷ ಸುಮ್ಮನೆ ಕೂತಿರಿ, ಕಥೆ ಹೇಳಿ. ಆಮೇಲೆ ದೊಡ್ಡವರು ಕನ್ನಡಕ ಹಾಕಿಕೊಂಡು, ಮಗುವನ್ನು ಎರಡು ಮಾರು ದೂರ ಕೂರಿಸಿ, ಒಂದನ್ನೊಂದು ಗಟ್ಟಿಯಾಗಿ ಉಜ್ಜಿ. ಕಲ್ಲಿನ ಒಳಗೇ ದೀಪ ಹಚ್ಚಿದ ಹಾಗೆ ಕಿತ್ತಳೆ ಬಣ್ಣದ ಮಂದ ಬೆಳಕು ಬರುತ್ತದೆ, ಉಜ್ಜೋದು ನಿಲ್ಲಿಸಿದರೆ ಆರಿಹೋಗುತ್ತದೆ. ಸುಟ್ಟ ವಾಸನೆ ಕೂಡ ಬರುತ್ತದೆ. ಮೊದಲ ಸಲ ನೋಡಿದಾಗ ನಮ್ಮ ಹುಡುಗ ಉಸಿರು ಬಿಡೋದೇ ಮರೆತಿದ್ದ, ಆಮೇಲೆ ಮೆಲ್ಲಗೆ "ಒಳಗೆ ಯಾರಿದ್ದಾರೆ?" ಅಂದ.

ಮಳೆ ಬಂದ ಮರುದಿನ

ಜೋರು ಮಳೆ ಬಂದು ನಿಂತ ಮೇಲೆ ಮಣ್ಣು ರಸ್ತೆಯ ಅಂಚು ನೋಡಿ. ನೀರು ಹರಿದ ಜಾಡಿನಲ್ಲಿ ಕಪ್ಪು ಮರಳಿನ ಗೆರೆಗಳಿರುತ್ತವೆ. ಅದರಲ್ಲಿ ಮ್ಯಾಗ್ನೆಟೈಟ್ ಇರುತ್ತದೆ. ಉಳಿದ ಮರಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ, ಹಾಗಾಗಿ ಹಗುರದ್ದು ಕೊಚ್ಚಿಹೋಗಿ ಇದು ಉಳಿಯುತ್ತದೆ. ಸ್ಪೀಕರ್ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅದರ ಮೇಲೆ ಆಡಿಸಿ, ಮುಳ್ಳುಹಂದಿ ಥರ ನಿಲ್ಲುತ್ತದೆ. ಕವರನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿದರೆ ಮರಳೆಲ್ಲ ಉದುರಿ ಸೀಸೆಗೆ ಬೀಳುತ್ತದೆ. ಕವರ್ ಇಲ್ಲದೆ ಮಾಡಿದರೆ ಮ್ಯಾಗ್ನೆಟ್ಟಿನಿಂದ ಅದನ್ನು ಬಿಡಿಸೋದು ಕಷ್ಟ. ಪ್ರತಿ ಊರಿನದ್ದೂ ಒಂದೊಂದು ಸಣ್ಣ ಸೀಸೆ ಮಾಡಬಹುದು.

ಜೊತೆಗೆ ಎಂ ಸ್ಯಾಂಡ್ (ಕ್ರಷರಿನಲ್ಲಿ ಕಲ್ಲು ಪುಡಿ ಮಾಡಿ ತಯಾರಿಸೋ ಮರಳು) ಒಂದು ಚಿಟಿಕೆ, ಹೊಳೆ ಮರಳು ಒಂದು ಚಿಟಿಕೆ ಕಪ್ಪು ಕಾಗದದ ಮೇಲೆ ಹಾಕಿ ಭೂತಗನ್ನಡಿಯಲ್ಲಿ ತೋರಿಸಿ. ಒಂದು ಚೂಪುಚೂಪು, ಇನ್ನೊಂದು ಮೊಂಡು. ಯಾಕೆ ಅಂತ ನೀವು ಹೇಳಬೇಡಿ, ಮಗುವೇ ಹೇಳುತ್ತದೆ.

ಸುತ್ತಾಟ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹುಡುಕಿ. ಈ ಗ್ರಾನೈಟಿನ ವಯಸ್ಸು ಸುಮಾರು 80 ಕೋಟಿ ವರ್ಷ, ಅಂದರೆ ಸುತ್ತಲಿನ ನೆಲಕ್ಕಿಂತ ಬೆಟ್ಟ ತುಂಬ ಚಿಕ್ಕದು. ದೊಡ್ಡ ದೇವರಾಜ ಒಡೆಯರ ಕಾಲದ ನಂದಿ ಒಂದೇ ಬಂಡೆಯಲ್ಲಿ ಕಡೆದದ್ದು. ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿದೆ, ಕಲ್ಲಿನ ಮೂಲ ಬಣ್ಣ ಅದಲ್ಲ. ಪಾಂಡವಪುರದ ಕುಂತಿಬೆಟ್ಟದಲ್ಲಿ ಬಂಡೆಗಳು ಈರುಳ್ಳಿ ಥರ ಸಿಪ್ಪೆ ಬಿಟ್ಟಿರೋದನ್ನು ತೋರಿಸಿ. ಸೋಮನಾಥಪುರದಲ್ಲಿ 1268ರ ಕೇಶವ ದೇವಸ್ಥಾನ ಬಳಪದ ಕಲ್ಲಿನದ್ದು, ಮೆತ್ತಗಿದ್ದುದಕ್ಕೇ ಶಿಲ್ಪಿಗಳಿಗೆ ಅಷ್ಟು ನಯವಾದ ಕೆಲಸ ಸಾಧ್ಯವಾಯಿತು. ಮನೆಯಲ್ಲಿ ಬಳಪ ಗೀರಿದ ಮಗುವಿಗೆ ಅಲ್ಲಿ ಹೋದಾಗ ಥಟ್ಟನೆ ಹೊಳೆಯುತ್ತದೆ.

ಇಲ್ಲೆಲ್ಲ ನೋಡೋದು, ಚಿತ್ರ ಬರೆಯೋದು, ಫೋಟೊ ತೆಗೆಯೋದು ಅಷ್ಟೇ. ದೇವಸ್ಥಾನ, ಶ್ರೀರಂಗಪಟ್ಟಣದ ಕೋಟೆ, ಕಾಡು, ರಂಗನತಿಟ್ಟಿನಂಥ ಪಕ್ಷಿಧಾಮ, ಮೇಲುಕೋಟೆಯ ಅಭಯಾರಣ್ಯ, ಇಲ್ಲಿಂದ ಒಂದು ಚೂರನ್ನೂ ತರಬಾರದು. ಫೋಟೊಗೂ ಪುಸ್ತಕದಲ್ಲಿ ಒಂದು ನಂಬರ್ ಕೊಡಿ, ಮಗುವಿಗೆ ಸಮಾಧಾನ ಆಗುತ್ತದೆ. ತರೋದಾದರೆ ನೆಂಟರ ಹೊಲ, ಕೇಳಿ ಒಪ್ಪಿದವರ ತೋಟ, ಮನೆ ಕಟ್ಟೋ ಜಾಗ, ಗ್ರಾನೈಟ್ ಕೊಯ್ಯೋ ಅಂಗಡಿಯ ಚೂರಿನ ರಾಶಿ. ಅಂಗಡಿಯಲ್ಲಿ ಒಂದೇ ಮಧ್ಯಾಹ್ನ ನಾಲ್ಕೈದು ರಾಜ್ಯದ ಕಲ್ಲು ಸಿಗುತ್ತದೆ, ಯಾವ ಊರಿನದು ಅಂತ ಅಲ್ಲಿನ ಅಣ್ಣಂದಿರನ್ನೇ ಕೇಳಿ ಬರೆದುಕೊಳ್ಳಿ.

ಇವು ಮಾತ್ರ ಖಡಾಖಂಡಿತ

ಕ್ವಾರಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ನಡೆಯುತ್ತಿರೋದಾದರೂ ಸರಿ, ಬಿಟ್ಟುಹೋದದ್ದಾದರೂ ಸರಿ. ನೀರು ನಿಂತ ಹಳೇ ಗುಂಡಿ ಎಷ್ಟು ಆಳ ಅಂತ ದಡದಲ್ಲಿ ನಿಂತು ಗೊತ್ತಾಗೋದಿಲ್ಲ. ಮೈಸೂರಿನ ದಕ್ಷಿಣಕ್ಕೆ ಸಿಂಧುವಳ್ಳಿ, ದೊಡ್ಡಕಾನ್ಯ ಕಡೆ ಹಿಂದೆ ಕ್ರೋಮೈಟ್, ಮ್ಯಾಗ್ನಸೈಟ್ ಗಣಿಗಳಿದ್ದವು, ಅಲ್ಲಿಗೂ ಬೇಡ. ಕಾವೇರಿ ದಡದಲ್ಲಿ ನುಣುಪು ಕಲ್ಲು ಚೆನ್ನಾಗಿರುತ್ತವೆ ನಿಜ, ಆದರೆ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಹೊಳೆ ಏರೋದು ಗೊತ್ತೇ ಆಗೋದಿಲ್ಲ. ಮಳೆಗಾಲದಲ್ಲಿ ಹೊಳೆಗೆ ಇಳಿಯಲೇಬೇಡಿ.

ನೆಲದ ಕಲ್ಲು ಎತ್ತುವ ಮೊದಲು ಕೋಲಿನಿಂದ ಮಗುಚಿ. ಕೆಳಗೆ ಚೇಳು, ಹಾವು ಇರಬಹುದು. ನಿಮ್ಮಿಂದ ದೂರದ ಕಡೆಗೆ ಬಾಯಿ ತೆರೆಯೋ ಹಾಗೆ ಎತ್ತಬೇಕು, ಇದ್ದರೆ ಆ ಕಡೆ ಓಡುತ್ತದೆ. ನಾರುನಾರಾಗಿ, ರೇಷ್ಮೆ ಎಳೆಯಂತೆ ಬಿಡಿಸಿಕೊಳ್ಳುವ ಕಲ್ಲು ಕಂಡರೆ ಮುಟ್ಟದೆ ಬಿಡಿ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಯಾವ ಕಲ್ಲನ್ನೂ ನಾಲಿಗೆಗೆ ತಾಗಿಸಬಾರದು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಬೇಸಿಗೆ ಮಧ್ಯಾಹ್ನಕ್ಕೆ: ಹರಳು ಬೆಳೆಸೋದು

ಒಂದು ಲೋಟ ಬಿಸಿನೀರಿಗೆ ಪಟಿಕದ ಪುಡಿ ಹಾಕುತ್ತಾ ಕಲಸಿ, ಇನ್ನು ಕರಗೋದಿಲ್ಲ ಅನ್ನೋವರೆಗೆ. ಸೋಸಿ, ತಟ್ಟೆಯಲ್ಲಿಟ್ಟು ಎರಡು ದಿನ ಅಲ್ಲಾಡಿಸದೆ ಬಿಡಿ. ತಳದಲ್ಲಿ ಸಣ್ಣ ಹರಳುಗಳು ಕೂತಿರುತ್ತವೆ. ಒಂದು ಚೆನ್ನಾಗಿರೋದನ್ನು ದಾರಕ್ಕೆ ಕಟ್ಟಿ, ಪೂರ್ತಿ ತಣ್ಣಗಾದ ಹೊಸ ಪಟಿಕದ ನೀರಿನಲ್ಲಿ ತೂಗುಬಿಡಿ. ದಿನಾ ಸ್ವಲ್ಪಸ್ವಲ್ಪ ದೊಡ್ಡದಾಗುತ್ತದೆ. ಬಿಸಿ ಇರುವಾಗಲೇ ಇಳಿಬಿಟ್ಟರೆ ಹರಳು ಕರಗಿಹೋಗುತ್ತದೆ, ಅದೊಂದು ನೆನಪಿರಲಿ.

ಗೊಂಬೆ ಹಬ್ಬದ ಕೊನೇ ಮೆಟ್ಟಿಲು

ಟ್ರೇ ತುಂಬಿದ ಮೇಲೆ ಯಾರಿಗಾದರೂ ತೋರಿಸಬೇಕು ಅಂತ ಮಗುವಿಗೆ ಅನಿಸುತ್ತದೆ. ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ, ಪಟ್ಟದ ಗೊಂಬೆ ಮೇಲೆ, ಕೊನೇ ಮೆಟ್ಟಿಲು ಮಕ್ಕಳದ್ದು. ಹೋದ ವರ್ಷ ಆ ಮೆಟ್ಟಿಲಿನಲ್ಲಿ ಪಾರ್ಕು, ಮೃಗಾಲಯದ ಬದಲು ಕಲ್ಲು ಇಟ್ಟ. ಒಂದೊಂದರ ಮುಂದೆಯೂ ಮಡಚಿದ ಚೀಟಿ, ಅದರ ಮೇಲೆ ಊರಿನ ಹೆಸರು. ಆರತಿಗೆ ಬಂದವರು ಬಗ್ಗಿ ಬಗ್ಗಿ ಓದಿದರು. ಪಕ್ಕದ ಮನೆಯ ಅಜ್ಜಿಯೊಬ್ಬರು ಇಪ್ಪತ್ತೇಳನೇ ನಂಬರಿನ ಬೆಣಚುಕಲ್ಲು ಕೈಗೆ ತಗೊಂಡು, ಚೀಟಿ ನೋಡಿ, "ಇದು ನಮ್ಮ ತವರಿನ ಕಲ್ಲು ಕಣೋ" ಅಂತ ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಹುಡುಗ ಒಳಗೆ ಹೋಗಿ ನೋಟ್‌ಬುಕ್ ತಂದು, ಆ ಸಾಲಿನಲ್ಲಿ ಅವರ ಹೆಸರನ್ನೂ ಸೇರಿಸಿದ.